ಟೈಲ್ಸ್‌ಗಿಂತ ಮೊದಲು ತೇವ ನೋಡಿ

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಬೇಸಾಯ. ಮನೆ ಇಳಿಜಾರಿನಲ್ಲಿದೆ. ಕೆಳಗಿನ ಉಗ್ರಾಣದ ಹಿಂದಿನ ಗೋಡೆ ನಾಲ್ಕಡಿ ಮಣ್ಣಲ್ಲೇ ಹೂತಿದೆ. ನೆಲಕ್ಕೆ ಕಾಂಕ್ರೀಟು. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಬಿತ್ತನೆ ಶೇಂಗಾದ ಅಡಿಸಾಲಿನ ಆರು ಚೀಲ ಬೂಸ್ಟು ಹಿಡಿದವು. ಬೂಸ್ಟು ಬಂದ ಶೇಂಗಾ ವಿಷ, ದನಕ್ಕೂ ಹಾಕಬಾರದು. ಗುಂಡಿ ತೋಡಿ ಮುಚ್ಚಿದೆ.

ಟೈಲ್ಸ್ ಹಾಕಿದರೆ ಸರಿ ಹೋಗ್ತದೆ ಅಂದರು ಗಾರೆಯವರು. 'ಸೋರೋ ಗಡಿಗೆಗೆ ಬಣ್ಣ ಬಳಿದ್ರೆ ನೀರು ನಿಲ್ತದಾ?' ಅಂದಳು ನನ್ನಾಕೆ. ಆ ಮಾತಿಗೆ ಮೊದಲು ಪರೀಕ್ಷೆ ಮಾಡಿದೆ.

ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಅಡಿ ಹನಿ ಕಟ್ಟಿ ಕಾಂಕ್ರೀಟು ಕಪ್ಪಾದರೆ ತೇವ ನೆಲದೊಳಗಿಂದ ಬರ್ತಿದೆ. ಮೇಲೆ ಮಾತ್ರ ಹನಿ ಇದ್ದರೆ ಅದು ಗಾಳಿಯ ತೇವ. ಇದನ್ನು ಮಳೆಗಾಲದಲ್ಲೇ ಮಾಡಬೇಕು, ಬೇಸಿಗೆಯಲ್ಲಿ ಎಲ್ಲ ನೆಲವೂ ಒಣಗಿದಂತೆ ಕಾಣುತ್ತದೆ.

ನಮ್ಮಲ್ಲಿ ಅಡಿಯಲ್ಲೇ ಹನಿ. ಮಾಳಿಗೆ ನೀರು ಹಿಂದಿನ ಗೋಡೆ ಬುಡಕ್ಕೇ ಬೀಳುತ್ತಿತ್ತು. ಅದನ್ನು ಪೈಪಿನಲ್ಲಿ ಕೃಷಿಹೊಂಡಕ್ಕೆ ತಿರುಗಿಸಿದೆ. ಗೋಡೆಯ ಹೊರಗೆ, ಉಗ್ರಾಣದ ನೆಲಕ್ಕಿಂತ ಅರ್ಧ ಅಡಿ ಕೆಳಗಿನ ತನಕ ಕಾಲುವೆ ತೋಡಿ ಜಲ್ಲಿ ತುಂಬಿ, ನೀರು ಹೊರಹೋಗಲು ಇಳಿಜಾರು ಕೊಟ್ಟೆ. ಒಂದೇ ಸಲ ಉದ್ದಕ್ಕೂ ತೋಡಬೇಡಿ, ಪಾಯದ ತಳಕ್ಕಿಂತ ಕೆಳಗೆ ಹೋಗಲೇಬೇಡಿ, ಗೋಡೆ ಕೂತೀತು. ಮುಂದಿನ ಮಳೆಗಾಲ ಕಳೆಯುವ ತನಕ ಕಾದು, ಮತ್ತೆ ಹಾಳೆ ಅಂಟಿಸಿದೆ. ಒಣಗಿತ್ತು.

ಆಮೇಲೆ ನೆಲದ ಕೆಲಸ:

* ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಒಡೆದು ಹೊಸದಾಗಿ ತುಂಬಿ.

* ಬಿರುಕಿನ ಅಡ್ಡಕ್ಕೆ ಪೆನ್ಸಿಲ್ ಗೆರೆ ಎಳೆದು ತಿಂಗಳು ಬಿಟ್ಟು ನೋಡಿ. ಗೆರೆ ಜರುಗದಿದ್ದರೆ ಬಿರುಕನ್ನು ಅಗಲಿಸಿ ಸಿಮೆಂಟ್ ತುಂಬಬಹುದು. ಜರುಗಿದರೆ ನೆಲ ಇನ್ನೂ ಕೂರುತ್ತಿದೆ, ಟೈಲ್ಸ್ ಒಡೆಯುತ್ತದೆ.

* ನೀರು ಚಿಮುಕಿಸಿ. ಹೀರಿದರೆ ಸರಿ. ಹನಿಹನಿಯಾಗಿ ನಿಂತರೆ ಎಣ್ಣೆ ಜಿಡ್ಡು ಇದೆ ಅಥವಾ ನೆಲ ನುಣುಪಾಗಿದೆ. ಜಿಡ್ಡು ತೊಳೆದು, ಉಳಿಯಿಂದ ಕಚ್ಚು ಹೊಡೆಸಿ. ಬಿಳಿ ಉಪ್ಪಿನ ಪುಡಿ ಇದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

* ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ಹಿಡಿದು ಗೋಡೆ ಸುತ್ತ ಗುರುತು ಹಾಕಿ. ನಮ್ಮ ನೆಲ ಒಂದು ಮೂಲೆಯಲ್ಲಿ ಒಂದಿಂಚು ತಗ್ಗಿತ್ತು. ನೆಲ ನೆನೆಸಿ, ಗಂಜಿಯಂಥ ಸಿಮೆಂಟ್ ನೀರು ಬಳಿದು, ಅದು ಒಣಗುವ ಮುಂಚೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ಹಾಕಿ ಸಮ ಮಾಡಿಸಿದೆ. ಒಂದು ವಾರ ನೀರುಣಿಸಿದೆ.

ಟೈಲ್ಸ್ ಕೂರಿಸಿದ ಮೇಲೆ ಒಂದು ಮಳೆಗಾಲ ಕಳೆಯಿತು. ಬೀಜ ಚೆನ್ನಾಗಿದೆ. ಆದರೂ ಚೀಲಗಳನ್ನು ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲೇ ಇಡುತ್ತೇನೆ.

ಹೊಸದಾಗಿ ಕಟ್ಟುವವರಿಗೆ ಒಂದು ಮಾತು: ಕಾಂಕ್ರೀಟು ಸುರಿಯುವ ಮುಂಚೆ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿಬಿಡಿ. ಆವತ್ತು ನಾನು ಉಳಿಸಿದ ಆ ಸಣ್ಣ ಖರ್ಚೇ ಆರು ಚೀಲ ಬೀಜ ತಿಂದಿತು.