ಶಾಲೆಯ ಬಿಸಿಯೂಟಕ್ಕೆ ಹಿತ್ತಲಿನ ಸೊಪ್ಪು

ಹಳ್ಳಿಯ ಶಾಲೆಗೆ ಬರುವ ಮಕ್ಕಳಲ್ಲಿ ಹಲವರು ಬೆಳಿಗ್ಗೆ ಏನನ್ನೂ ತಿನ್ನದೆ, ಇಲ್ಲವೆ ಒಂದು ಲೋಟ ಚಹ ಕುಡಿದು ಬಂದವರಾಗಿರುತ್ತಾರೆ. ಅಂಥ ಮಗುವಿಗೆ ಬಿಸಿಯೂಟವೇ ದಿನದ ಮೊದಲ ಊಟ. ಕರ್ನಾಟಕದಲ್ಲಿ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದಿನ ವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. ಹೊಟ್ಟೆ ತುಂಬುವ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ತಟ್ಟೆಯಲ್ಲಿ ಏನಿದೆ ಎಂಬ ಪ್ರಶ್ನೆ ಉಳಿದಿದೆ.

ಒಂದರಿಂದ ಐದನೆಯ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ಗೊತ್ತುಪಡಿಸಲಾಗಿದೆ. ಇದರಿಂದ 450 ಕ್ಯಾಲೊರಿ ಶಕ್ತಿಯೂ ಸುಮಾರು 12 ಗ್ರಾಂ ಸಸಾರಜನಕವೂ ದೊರೆಯಬೇಕು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಬೇಳೆ ಪೂರ್ತಿ ಬಿದ್ದಾಗ ಮಾತ್ರ. ನೂರು ಮಕ್ಕಳ ಸಾರಿಗೆ 2 ಕಿಲೊ ಬೇಳೆ ಬೇಕು. ತಟ್ಟೆಯ ತಳ ಕಾಣುವ ಸಾರಿನಿಂದ ಸಸಾರಜನಕ ಸಿಗದು.

ನಿಜವಾದ ಕೊರತೆ ಸುಣ್ಣ, ಕಬ್ಬಿಣ ಮತ್ತು 'ಎ' ಜೀವಸತ್ವದ್ದು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 650 ಮಿ.ಗ್ರಾಂ ಸುಣ್ಣದ ಅಂಶ ಅಗತ್ಯ. ಮೇಲೆ ಹೇಳಿದ ಅಕ್ಕಿ ಬೇಳೆಗಳಿಂದ ಬರುವುದು 25 ಮಿ.ಗ್ರಾಂ ಆಸುಪಾಸು. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಹಾಲು ಕೊಡುವ ದಿನಗಳಲ್ಲಿ ಈ ಕೊರತೆ ಕೆಲಮಟ್ಟಿಗೆ ತುಂಬುತ್ತದೆ. ಕಬ್ಬಿಣದ ಕೊರತೆ ಮಾತ್ರ ಹಾಲಿನಿಂದ ನೀಗುವಂಥದ್ದಲ್ಲ. ಪಾಠದ ಹೊತ್ತಿನಲ್ಲಿ ಮಂಕಾಗಿ ಕುಳಿತ ಮಗುವನ್ನು ದಡ್ಡನೆನ್ನುವ ಮೊದಲು ಅದರ ಕೆಳರೆಪ್ಪೆಯ ಒಳಭಾಗವನ್ನು ನೋಡುವುದು ಲೇಸು. ಅದು ಬಿಳಿಚಿದ್ದರೆ ರಕ್ತಹೀನತೆಯ ಸಂಶಯವಿದೆ. ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು, ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬಾರದು.

ನುಗ್ಗೆ ಸೊಪ್ಪು ಪ್ರತಿ ಹಿತ್ತಲಿನಲ್ಲಿಯೂ ಸಿಗುತ್ತದೆ, ಆದರೂ ಬಡವರ ಸೊಪ್ಪೆಂಬ ತಾತ್ಸಾರಕ್ಕೆ ಒಳಗಾಗಿದೆ. 100 ಗ್ರಾಂ ಎಳೆ ಸೊಪ್ಪಿನಲ್ಲಿ ಸುಮಾರು 440 ಮಿ.ಗ್ರಾಂ ಸುಣ್ಣವಿದೆ, ದೇಹದಲ್ಲಿ 'ಎ' ಜೀವಸತ್ವವಾಗುವ ಕೆರೋಟಿನ್ ಹೇರಳವಾಗಿದೆ. ಮಗುವೊಂದಕ್ಕೆ 10 ಗ್ರಾಂನಂತೆ ನೂರು ಮಕ್ಕಳಿಗೆ ಬೇಕಾಗುವುದು ಒಂದೇ ಕಿಲೊ. ಬೇಳೆಯೊಂದಿಗೆ ಬೇಯಿಸಿ ಮಸೆದರೆ ಸೊಪ್ಪನ್ನು ಆರಿಸಿ ಬದಿಗಿಡುವ ಮಕ್ಕಳೂ ತಿನ್ನುತ್ತಾರೆ. ಕೆರೋಟಿನ್ ಮೈಗೂಡಲು ಎಣ್ಣೆ ಬೇಕಾದುದರಿಂದ ಒಗ್ಗರಣೆಯನ್ನು ಕೈಬಿಡಬಾರದು.

ಅಡುಗೆಮನೆಯಲ್ಲಿ ಆಗುವ ನಷ್ಟವೂ ಸಣ್ಣದಲ್ಲ. ಸೊಪ್ಪು ತರಕಾರಿಗಳನ್ನು ತೊಳೆದ ಅನಂತರ ಹೆಚ್ಚಬೇಕು. ಅಕ್ಕಿಯನ್ನು ನಾಲ್ಕಾರು ಸಲ ಉಜ್ಜಿ ತೊಳೆದು ಗಂಜಿ ಬಸಿದರೆ 'ಬಿ' ಗುಂಪಿನ ಜೀವಸತ್ವಗಳು ನೀರಿನೊಡನೆ ಹೋಗುತ್ತವೆ. ಬೇಳೆ ಬೇಗ ಬೇಯಲೆಂದು ಸೋಡ ಹಾಕುವುದು ಕೆಟ್ಟ ರೂಢಿ. ಮುಂಚಿತವಾಗಿ ನೆನೆಸಿಟ್ಟರೆ ಸಾಕು, ಉರುವಲೂ ಉಳಿಯುತ್ತದೆ. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪು, ಕಾಳುಗಳ ಕಬ್ಬಿಣ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. ಊಟದ ಜೊತೆಗಿನ ಚಹ ಇದಕ್ಕೆ ತದ್ವಿರುದ್ಧ.

ರಾಗಿಯ ವಿಷಯದಲ್ಲಿ ಹೊಸದಾಗಿ ಹೇಳಬೇಕಾದ್ದು ಕಡಿಮೆ: 100 ಗ್ರಾಂನಲ್ಲಿ ಸುಮಾರು 340 ಮಿ.ಗ್ರಾಂ ಸುಣ್ಣ, ಅಕ್ಕಿಯಲ್ಲಿ ಬರೀ ಹತ್ತು. ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹದವಾಗಿ ಹುರಿದು ಬೀಸಿದ ಹಿಟ್ಟು ಸುಲಭವಾಗಿ ಜೀರ್ಣವಾಗುತ್ತದೆ. ಗಂಜಿ ತೆಳುವಾಗುವುದರಿಂದ ಒಂದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು.

ನೂರು ಮಕ್ಕಳಿಗೆ ದಿನವೊಂದಕ್ಕೆ 5 ಕಿಲೊ ತರಕಾರಿ ಬೇಕು. ಇಷ್ಟನ್ನೂ ಶಾಲೆಯ ಕೈತೋಟದಿಂದಲೇ ನಿರೀಕ್ಷಿಸುವುದು ಅತಿಯಾಸೆ. ಸೊಪ್ಪು, ಕರಿಬೇವು, ಪರಂಗಿ, ನಿಂಬೆಗಳನ್ನು ಮಕ್ಕಳು ಕೈ ತೊಳೆದ ನೀರಿನಲ್ಲೇ ಬೆಳೆಯಬಹುದು. ಮುಂಗಾರಿನ ಮೊದಲ ಮಳೆಗೆ ಪಿ.ಕೆ.ಎಂ.-1 ನುಗ್ಗೆಯ ನಾಲ್ಕಾರು ಬೀಜಗಳನ್ನು ಬೇಲಿಯುದ್ದಕ್ಕೂ ಊರಿ, ಗಿಡ ಮೂರಡಿಯಾದಾಗ ಕುಡಿ ಚಿವುಟಿದರೆ ಕವಲೊಡೆದು ಸೊಪ್ಪು ಮಕ್ಕಳ ಕೈಗೆಟಕುವಂತೆ ಬರುತ್ತದೆ.