ಮನೆಯ ಗುಟ್ಟು, ಮೂರು ತಲೆಮಾರು: ಒಂದು ಓದು

ಚಾರಿತ್ರಿಕ ಕಾದಂಬರಿ ಎಂದೊಡನೆ ನಮಗೆ ನೆನಪಾಗುವುದು ಕೋಟೆ, ಕತ್ತಿ, ಸಿಂಹಾಸನ. ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956), ತ.ರಾ.ಸು. ಅವರ 'ದುರ್ಗಾಸ್ತಮಾನ' (1982) ಎಂದು ಉದಾಹರಣೆ ಬರೆದು ಅಂಕ ತೆಗೆದುಕೊಂಡವರು ನಾವು. ಆದರೆ ರಾಜರಿಲ್ಲದ ಚರಿತ್ರೆಯೂ ಒಂದುಂಟು. ಅಜ್ಜಿಯ ಮದುವೆ ಹೇಗಾಯಿತು, ಹೊಲ ಯಾರ ಪಾಲಿಗೆ ಹೋಯಿತು, ಯಾವ ಮಾತು ಬಂದರೆ ಮನೆಮಂದಿಯೆಲ್ಲ ಸುಮ್ಮನಾಗುತ್ತಾರೆ, ಇದೂ ಚರಿತ್ರೆಯೇ ಅಲ್ಲವೇ? ಇಂಗ್ಲಿಷಿನಲ್ಲಿ ಹರೆಯದವರಿಗಾಗಿ ಇಂಥ ಕಾದಂಬರಿಗಳದ್ದೇ ಬೇರೆ ಸಾಲು ಇದೆ. ನಮ್ಮಲ್ಲಿ ಮಕ್ಕಳ ಕಥೆ ಮುಗಿಸಿದವರು ನೇರವಾಗಿ ದೊಡ್ಡವರ ಕಾದಂಬರಿಗೇ ಕೈ ಹಾಕುತ್ತೇವೆ. ಹಾಗೆ ಕೈಗೆ ಬಂದ ಎರಡು ಪುಸ್ತಕಗಳನ್ನು ಇಪ್ಪತ್ತು ವಯಸ್ಸಿನವರ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ. ನಾನು ಕಾಮರ್ಸ್ ಓದುವವಳು. ಶಾಲೆಯಲ್ಲಿ ಕಲಿತ ಕನ್ನಡವೇ ನನ್ನ ಬಂಡವಾಳ. ತಪ್ಪಿದ್ದರೆ ವೃತ್ತದ ಹಿರಿಯರು ತಿದ್ದಬೇಕು.

1. ಕಾಗದದಲ್ಲಿದ್ದ ಗುಟ್ಟು

ಎಸ್.ಎಲ್. ಭೈರಪ್ಪನವರು 2025ರಲ್ಲಿ ತೀರಿಕೊಂಡ ಮೇಲೆ ಅವರ 'ವಂಶವೃಕ್ಷ'ವನ್ನು (1965) ಮೊದಲ ಸಲ ಪೂರ್ತಿ ಓದಿದೆ. ಮುಂಬ್ರಾದಿಂದ ಕಾಲೇಜಿಗೆ ಸ್ಲೋ ಲೋಕಲಿನಲ್ಲಿ ನಿಂತುಕೊಂಡೇ ಓದಿದ್ದು. ಕಾತ್ಯಾಯನಿಯೂ ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲೇ ಕಾಲೇಜಿಗೆ ಹೋಗುತ್ತಾಳೆ ಎಂದು ಓದಿದಾಗ ಅವಳು ನನ್ನ ಡಬ್ಬಿಯಲ್ಲೇ ಎಲ್ಲೋ ಇದ್ದಾಳೆ ಅನಿಸಿತು.

ಕಥೆ ಹಲವರಿಗೆ ಗೊತ್ತು. ಶ್ರೀನಿವಾಸ ಶ್ರೋತ್ರಿಯರ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆ ಸೊಸೆ ಕಾತ್ಯಾಯನಿ ಓದಲು ಹೋಗಿ, ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗು ಚೀನಿ ಮಾತ್ರ ತಾತನ ಮನೆಯಲ್ಲಿ, ಆ ವಂಶದ ಕುಡಿಯಾಗಿ ಉಳಿಯುತ್ತಾನೆ. ವರ್ಷಗಳ ನಂತರ ಶ್ರೋತ್ರಿಯರಿಗೆ ಹಳೆಯ ಕಾಗದಪತ್ರಗಳಿಂದ ತಮ್ಮ ಹುಟ್ಟಿನ ಸತ್ಯ ತಿಳಿಯುತ್ತದೆ. ತಮ್ಮನಿಗೆ ಆಸ್ತಿ ಹೋಗಬಾರದೆಂಬ ಹಟದಿಂದ, ಮಕ್ಕಳಿಲ್ಲದ ಹಿರಿಯ ಶ್ರೋತ್ರಿ ಬೇರೊಬ್ಬನಿಂದ ಪಡೆದ ಮಗ ತಾವು! ಯಾವ ವಂಶದ ಹೆಸರಿನಲ್ಲಿ ತಾಯಿ ಮಗುವನ್ನು ಬಿಟ್ಟು ಹೋಗಬೇಕಾಯಿತೋ ಆ ವಂಶಕ್ಕೆ ತಾವೇ ಸೇರಿದವರಲ್ಲ.

ಈ ಕಾದಂಬರಿಯ ಬಗ್ಗೆ ಚರ್ಚೆ ನಡೆದಾಗಲೆಲ್ಲ ಶ್ರೋತ್ರಿ ಸರಿಯೋ ಕಾತ್ಯಾಯನಿ ಸರಿಯೋ ಎಂಬ ವಾದವೇ ಹೆಚ್ಚು. ಚೀನಿಯ ಬಗ್ಗೆ ಕೇಳುವವರು ಕಡಿಮೆ. ಅವನು ನಮ್ಮ ವಯಸ್ಸಿನವನು. ಸುಮಾರು 25 ಕಿಲೋಮೀಟರ್ ದೂರದಲ್ಲಿ ತಾಯಿ ಇದ್ದೂ ಇಲ್ಲದವನಾಗಿ ಬೆಳೆದವನು. ದೊಡ್ಡವನಾಗಿ ಅದೇ ತಾಯಿಯ ಕ್ಲಾಸಿನಲ್ಲಿ ವಿದ್ಯಾರ್ಥಿಯಾಗಿ ಕೂರುತ್ತಾನೆ. ಅವನು ಅವಳ ಹತ್ತಿರ ಬರುವುದು ಅವಳು ಸಾಯುವ ಹೊತ್ತಿಗೆ.

ಕಂಪನಿಗಳ ಲೆಕ್ಕ ಕಲಿಯುವಾಗ ನಮ್ಮ ಸರ್ ಒಂದು ಮಾತು ಹೇಳುತ್ತಾರೆ. ಮುಂದೆ ಬರಬಹುದಾದ ಹೊಣೆಯನ್ನು ಬ್ಯಾಲೆನ್ಸ್ ಶೀಟಿನ ಅಡಿಯಲ್ಲಾದರೂ ತೋರಿಸಲೇಬೇಕು, ಇಲ್ಲವಾದರೆ ಆಮೇಲೆ ಸೇರಿಕೊಂಡವನು ಗೊತ್ತಿಲ್ಲದೆ ತೆರುತ್ತಾನೆ. ಹಿರಿಯ ಶ್ರೋತ್ರಿ ಮುಚ್ಚಿಟ್ಟ ಹೊಣೆಯನ್ನು ತೆತ್ತವರು ಕಾತ್ಯಾಯನಿ ಮತ್ತು ಚೀನಿ. ಆದರೆ ಶ್ರೀನಿವಾಸ ಶ್ರೋತ್ರಿಯರ ದೊಡ್ಡತನ ಎಲ್ಲಿದೆ ನೋಡಿ. ಆ ಕಾಗದವನ್ನು ಒಲೆಗೆ ಹಾಕಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ಹಾಗೆ ಮಾಡದೆ, ಆಸ್ತಿ ತಮ್ಮದಲ್ಲವೆಂದು ಬಿಟ್ಟು ಹೊರಡುತ್ತಾರೆ.

2. ಬಾಯಿಂದ ಬಾಯಿಗೆ ಬಂದ ಗುಟ್ಟು

ಎರಡನೆಯ ಪುಸ್ತಕ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಇದು ನಡೆದ ಬದುಕಿನ ಕಥೆ. ಮಲೆನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಫಣಿಯಮ್ಮನಿಗೆ ಆಟದ ವಯಸ್ಸಿನಲ್ಲೇ ಮದುವೆ. ಕೆಲವೇ ದಿನಗಳಲ್ಲಿ ಗಂಡ ಹಾವು ಕಚ್ಚಿ ಸತ್ತ. ಮೈನೆರೆದ ಮೇಲೆ ತಲೆಗೂದಲು ಹೋಯಿತು. ಮುಂದೆ ನೂರು ದಾಟಿ ಬದುಕಿದರು. ತಮ್ಮ ಬದುಕನ್ನು ಅವರು ಇಂದಿರಾ ಅವರ ತಾಯಿಗೆ ಹೇಳಿಕೊಂಡರು, ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು.

ಇಲ್ಲಿ ಯಾವ ಪೆಟ್ಟಿಗೆಯೂ ಇಲ್ಲ, ಪತ್ರವೂ ಇಲ್ಲ. ಊರ ಹೆಂಗಸರ ಹೆರಿಗೆ ಮಾಡಿಸುತ್ತ, ಹತ್ತಾರು ಮನೆಗಳ ಒಳಸುದ್ದಿ ಗೊತ್ತಿದ್ದೂ ಒಂದನ್ನೂ ಹೊರಗೆ ಆಡದ ಮುದುಕಿ ಇದ್ದಾಳೆ. ಆದರೆ ಚಿಕ್ಕ ವಯಸ್ಸಿನ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಾಗ ಈ ಮುದುಕಿ ನಿಲ್ಲುವುದು ಹುಡುಗಿಯ ಕಡೆಗೆ. ನಾನು ಅನುಭವಿಸಿದೆ, ನೀನೂ ಅನುಭವಿಸು ಎನ್ನುವವರೇ ಹೆಚ್ಚಿರುವ ಲೋಕದಲ್ಲಿ ನನಗಾದದ್ದು ನಿನಗೆ ಬೇಡ ಎನ್ನುವುದಕ್ಕೆ ಎಂಥ ಮನಸ್ಸು ಬೇಕು! ತಲೆಮಾರು ದಾಟುವ ಪ್ರೀತಿ ಎಂದರೆ ನನಗೆ ತಿಳಿದದ್ದು ಇದೇ.

ಎರಡನ್ನೂ ಜೊತೆಗಿಟ್ಟರೆ ಒಂದು ಪ್ರಶ್ನೆ ಸಿಗುತ್ತದೆ. ಕಾದಂಬರಿಯಲ್ಲಿ ಗುಟ್ಟು ಯಾವಾಗ ಬಯಲಾಗುತ್ತದೆ ಎಂದು ಕಾದು ಕೂತರೆ ಅದು ಬರೀ ಕುತೂಹಲ. ಗುಟ್ಟನ್ನು ಯಾರು ಇಟ್ಟರು, ಯಾರಿಗಾಗಿ ಇಟ್ಟರು, ಅದರ ಬೆಲೆ ಯಾರು ಕೊಟ್ಟರು? ಹೀಗೆ ಕೇಳಿದರೆ ಅಂದಿನ ಕಾಲ ಕಾಣುತ್ತದೆ. ವಿಧವೆಯ ಪಾಡು, ಆಸ್ತಿಯ ಆಸೆ, ಗಂಡು ಸಂತಾನದ ಹಟ, ಎಲ್ಲ ಅದರೊಳಗೇ ಇವೆ.

3. ನಮ್ಮ ಟ್ರಂಕಿನ ಕಾಗದ

ಈ ಪ್ರಶ್ನೆ ನನಗೆ ಪುಸ್ತಕದಿಂದಷ್ಟೇ ಬಂದದ್ದಲ್ಲ. ಎರಡು ವರ್ಷದ ಹಿಂದೆ ಸ್ಕಾಲರ್‌ಶಿಪ್ಪಿನ ಅರ್ಜಿಗೆ ದಾಖಲೆ ಹುಡುಕುವಾಗ ಆಯಿಯ ಟ್ರಂಕಿನಲ್ಲಿ ಅಪ್ಪನ ಶಾಲೆಯ ದಾಖಲಾತಿ ಸಿಕ್ಕಿತು. ವಿಜಯಪುರದ ಕಡೆಯ ಹಳ್ಳಿ ಶಾಲೆಯದು. ತಂದೆಯ ಹೆಸರಿನ ಮುಂದೆ, ಮಾಲೆ ಹಾಕಿದ ಫೋಟೋದಲ್ಲಿರುವ ನಮ್ಮ ಅಜ್ಜನ ಹೆಸರಿರಲಿಲ್ಲ.

ಆಯಿಯನ್ನು ಕೇಳಿದೆ. "ಅದ್ಯಾಕ ಬೇಕವ್ವಾ ನಿನಗ?" ಅಂದು ರೊಟ್ಟಿ ಬಡಿಯತೊಡಗಿದಳು. ನಾಲ್ಕು ದಿನ ಮಾತಿಲ್ಲ. ಐದನೇ ದಿನ ತಾನಾಗಿಯೇ ಹೇಳಿದಳು. 1972ರ ಬರದ ವರ್ಷ ಮೊದಲ ಗಂಡ ತೀರಿಕೊಂಡ. ಕೂಸನ್ನು ತವರಲ್ಲಿ ಬಿಟ್ಟು, ಗುಂಪಿನ ಜೊತೆ ಕಲ್ಲು ಹೊರಲು ಈ ಕಡೆ ಬಂದಳು. ಜೊತೆಗೆ ದುಡಿಯುತ್ತಿದ್ದ ನಮ್ಮ ಅಜ್ಜ ಉಡಿಕಿ ಮಾಡಿಕೊಂಡ. ನಮ್ಮವರಲ್ಲಿ ವಿಧವೆಗೆ ಉಡಿಕಿ ತಪ್ಪಲ್ಲ, ಕಾತ್ಯಾಯನಿಯ ಮನೆಯ ಕಟ್ಟಳೆ ನಮಗಿರಲಿಲ್ಲ. ಮತ್ತೆ ಯಾಕೆ ಮುಚ್ಚಿಟ್ಟದ್ದು? ಊರಿಂದ ಮಗುವನ್ನು ಕರೆತಂದ ದಿನ ಅಜ್ಜ ಹೇಳಿದನಂತೆ, "ಇಂವಾ ಮಲಮಗ ಅಂತ ಯಾರೂ ಅನ್ನಬಾರ್ದು. ಇವನಿಗೂ ಗೊತ್ತಾಗಬಾರ್ದು." ಊರಿನ ಹೊಲದಲ್ಲಿ ಹುಡುಗನಿಗೆ ಪಾಲಿತ್ತು. ಪಾಲು ಕೇಳಿದರೆ ಮಾತು ಹೊರಬೀಳುತ್ತದೆಂದು ಇಬ್ಬರೂ ಕೇಳಲೇ ಇಲ್ಲ.

'ವಂಶವೃಕ್ಷ' ಓದುವಾಗ ನನಗೆ ಇದೇ ನೆನಪಾದದ್ದು. ಅಲ್ಲಿ ಆಸ್ತಿ ಉಳಿಸಲು ಗುಟ್ಟು ಹುಟ್ಟಿತು. ನಮ್ಮಲ್ಲಿ ಗುಟ್ಟು ಉಳಿಸಲು ಆಸ್ತಿ ಹೋಯಿತು.

ಆಯಿ ಹೋದ ಮೇಲೆ ಅಪ್ಪನಿಗೆ ಹೆದರುತ್ತಲೇ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಪಾರಸಿಕ ಗುಡ್ಡದ ಕಡೆ ನೋಡುತ್ತ ಕೂತ. "ಸಾಲಿ ಹಾಜರಿಯೊಳಗ ದಿನಾ ಆ ಹೆಸರ ಕೂಗತಿದ್ರು. ಮಾಸ್ತರ ತಪ್ಪು ಬರದಾನ ಅಂದ್ಲು ನಮ್ಮವ್ವ. ನಂಬಿದಂಗ ಮಾಡಿದೆ. ಆಕಿಗೆ ಸಮಾಧಾನ ಇರಲಿ ಅಂತ." ಐವತ್ತು ವರ್ಷ ಒಂದೇ ಖೋಲಿಯಲ್ಲಿ ತಾಯಿಮಗ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಗುಟ್ಟನ್ನು ಕಾಯ್ದಿದ್ದರು. ಆಯಿ ಇದ್ದಾಗಲೇ ನಾನು ಅಪ್ಪನನ್ನು ಕೇಳಿದ್ದರೆ ಇಬ್ಬರೂ ಒಮ್ಮೆ ಮಾತಾಡುತ್ತಿದ್ದರೇನೋ! ಅದೊಂದು ನನಗೆ ಉಳಿದುಹೋಗಿದೆ. ಅಪ್ಪನ ಒಪ್ಪಿಗೆ ಪಡೆದೇ ಇಷ್ಟು ಬರೆದಿದ್ದೇನೆ.

ಪ್ರೀತಿಯಿಂದ ಇಟ್ಟ ಗುಟ್ಟು ಒಳ್ಳೆಯದು, ಆಸ್ತಿಗಾಗಿ ಇಟ್ಟದ್ದು ಕೆಟ್ಟದ್ದು ಎಂದು ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ಪ್ರೀತಿಯ ಗುಟ್ಟಿಗೂ ಬೆಲೆ ಇತ್ತು. ಆ ಬೆಲೆಯನ್ನು ಇಟ್ಟವರೇ ತೆತ್ತರು, ಮಕ್ಕಳ ತಲೆಗೆ ಕಟ್ಟಲಿಲ್ಲ. ವ್ಯತ್ಯಾಸ ಇಲ್ಲಿದೆ ಎಂದು ನನ್ನ ತಿಳುವಳಿಕೆ.

ಮುಂದಿನ ಸಭೆಯ ಚರ್ಚೆಗೆ:

(1) ಶ್ರೋತ್ರಿಯರು ಕಾಗದವನ್ನು ಸುಟ್ಟಿದ್ದರೆ ಚೀನಿಗೆ ಒಳ್ಳೆಯದಾಗುತ್ತಿತ್ತೇ?

(2) ಫಣಿಯಮ್ಮ ಬೇರೆ ಮನೆಗಳ ಗುಟ್ಟು ಕಾಯ್ದು ತನ್ನ ಬದುಕನ್ನು ಮಾತ್ರ ಯಾಕೆ ಹೇಳಿಕೊಂಡಳು?

(3) ನಿಮ್ಮ ಮನೆಯ ಹಿರಿಯರೊಬ್ಬರನ್ನು ಅವರ ಇಪ್ಪತ್ತನೆಯ ವಯಸ್ಸಿನ ಬಗ್ಗೆ ಕೇಳಿ, ಅವರು ಒಪ್ಪಿದಷ್ಟನ್ನು ಮಾತ್ರ ಒಂದು ಪುಟ ಬರೆದು ತನ್ನಿ.