ಸ್ಕೈಲ್ಯಾಬ್ ಉಳಿದಿದ್ದರೆ: ಪರ್ಯಾಯ ಚರಿತ್ರೆಯ ಕ್ರಿಯಾಪದ

ಪರ್ಯಾಯ ಚರಿತ್ರೆಯನ್ನು ಬರೆಯುವವರು ನಡೆದ ಸಂಗತಿಗಳಲ್ಲಿ ಒಂದನ್ನು ಮಾತ್ರ ಬದಲಿಸಬೇಕು. ಉಳಿದುದೆಲ್ಲವೂ ಅದರಿಂದಲೇ ಹುಟ್ಟಬೇಕು. ಇದಕ್ಕೆ ಸ್ಕೈಲ್ಯಾಬ್ ತಕ್ಕ ನಿದರ್ಶನ. 1973ರ ಮೇ ತಿಂಗಳಲ್ಲಿ ಅಮೆರಿಕ ಹಾರಿಸಿದ ಈ ಕಕ್ಷಾನಿಲ್ದಾಣದಲ್ಲಿ ಮೂರು ತಂಡಗಳು ನೆಲೆಸಿದ್ದವು. ಕೊನೆಯದು 1974ರ ಫೆಬ್ರವರಿಯಲ್ಲಿ ಮರಳಿತು. ಮರುಬಳಕೆಯ ನೌಕೆಯಾದ ಸ್ಪೇಸ್ ಷಟಲ್ ಸಿದ್ಧವಾದೊಡನೆ ಅದರಲ್ಲಿ ನೂಕುಯಂತ್ರವೊಂದನ್ನು ಒಯ್ದು, ನಿಲ್ದಾಣವನ್ನು ಮೇಲಿನ ಕಕ್ಷೆಗೇರಿಸುವ ಯೋಜನೆಯಿತ್ತು. ಆದರೆ ಸೂರ್ಯನ ಚಟುವಟಿಕೆ ಎಣಿಸಿದುದಕ್ಕಿಂತ ಹೆಚ್ಚಿತು; ಕಾದು ಉಬ್ಬಿದ ಮೇಲ್ವಾಯುಮಂಡಲವು ನಿಲ್ದಾಣವನ್ನು ಕೆಳಕೆಳಗೆ ಇಳಿಸಿತು. 1979ರ ಜುಲೈ 11ರಂದು ಅದು ಉರುಳಿ, ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯದಲ್ಲೂ ಬಿದ್ದವು. ಷಟಲ್ ಮೊದಲು ಕಕ್ಷೆಗೇರಿದ್ದು 1981ರ ಏಪ್ರಿಲ್ 12ರಂದು. ನಡುವಣ ಅಂತರ ಎರಡು ವರ್ಷವೂ ಇಲ್ಲ.

'ಷಟಲ್ 1979ರ ಆರಂಭಕ್ಕೇ ಹಾರಿದ್ದರೆ ಸ್ಕೈಲ್ಯಾಬ್ ಉಳಿಯುತ್ತಿತ್ತು.' ಇಲ್ಲಿ 'ಹಾರಿದ್ದರೆ' ಎಂಬ ರೂಪವೇ ಅದು ಹಾರಲಿಲ್ಲವೆಂಬುದನ್ನು ನುಡಿಯುತ್ತದೆ. 'ಹಾರಿದರೆ ಉಳಿದೀತು' ಎಂದರೆ ಸಂಭಾವನಾರ್ಥಕ. ಅದು 1978ರ ಆರಂಭದಲ್ಲಿ ನಿಂತವರು ಆಡಬಹುದಾದ ಮಾತು, ಪರ್ಯಾಯ ಚರಿತ್ರೆಯಲ್ಲ. ಉತ್ತರಪತ್ರಿಕೆಗಳಲ್ಲಿ ಇವೆರಡೂ ಬೆರೆತಿರುವುದುಂಟು. ಇನ್ನು ನಾನಾದರೆ 'ಉಳಿಯುತ್ತಿತ್ತು' ಎಂದೂ ಬರೆಯಲಾರೆ, 'ಉಳಿಯಬಹುದಿತ್ತು' ಎನ್ನುವೆನು: ನೌಕೆ ಸಕಾಲಕ್ಕೆ ಬಂದಿದ್ದರೂ, ಆ ನೂಕುಯಂತ್ರವು ನಿಲ್ದಾಣಕ್ಕೆ ಕೂಡಿಕೊಳ್ಳುವ ಕೆಲಸ ಬಾಕಿಯೇ ಇರುತ್ತಿತ್ತು.